ನೇರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹುಟ್ಟಿ ಬೆಳೆದ ನಮಗೆ ವರ್ಷವಿಡೀ ಹರಿಯುವ ಹೊಳೆ ಹೇಗಿರುತ್ತದೆ ಎಂದು ಗೊತ್ತಾಗುವುದು ಪರಊರಿಗೆ ಹೋದಾಗಲೇ. ಪಾಲಾರ್, ಪಾಪಘ್ನಿ ಎಂದು ಹೆಸರಿಗೆ ನದಿಗಳುಂಟು. ಆದರೆ ವರ್ಷದ ಬಹುಪಾಲು ಅವುಗಳಲ್ಲಿ ಕಾಣುವುದು ಬರೀ ಮರಳು. ಹಾಗಾಗಿ ಎಂಜಿನ್ ಎಂದರೆ ಬೇರೆಯವರಿಗೆ ರೈಲೋ ದೋಣಿಯೋ ನೆನಪಾದರೆ, ನಮಗೆ ನೆನಪಾಗುವುದು ಬಾವಿ.

ಎಂಜಿನ್ ಬರುವ ಮೊದಲು ಬಾವಿಯಲ್ಲಿ ಇದ್ದದ್ದು ಕಪಿಲೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚರ್ಮದ ಚೀಲ ತುಂಬಿ ಮೇಲೆ ಬರುತ್ತಿತ್ತು. ಹಿಂದಕ್ಕೆ ನಡೆದರೆ ಖಾಲಿ ಚೀಲ ಬಾವಿಗೆ ಇಳಿಯುತ್ತಿತ್ತು. ಕೋಳಿ ಕೂಗುವ ಹೊತ್ತಿಗೇ ರಾಟೆಯ ಕಿರ್ರೆನ್ನುವ ಸದ್ದು ಶುರು. ನಮ್ಮ ಅಜ್ಜಿ ಮದುವೆಯಾಗಿ ಬಂದ ಮನೆಯಲ್ಲಿ ಮೊದಲು ಕೇಳಿದ್ದು ಆ ಸದ್ದನ್ನೇ ಅಂತೆ. ರಾಟೆಯ ಅಚ್ಚು ಒಂದು ಬದಿಗೆ ವಾಲಿದರೆ ಹಗ್ಗ ಸವೆಯುತ್ತದೆ, ಎತ್ತಿನ ಹೆಗಲು ನೋಯುತ್ತದೆ ಎಂಬುದು ಆಕೆಗೆ ಆಗಲೇ ತಿಳಿದಿತ್ತು.

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಓಡಿಸಿ ತೋರಿಸಿದ್ದು 1897ರಲ್ಲಿ. ಆಮೇಲಿನ ಕೆಲವೇ ವರ್ಷಗಳಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ಎಂಜಿನಿಯರು ಮದ್ರಾಸು ಪ್ರಾಂತ್ಯದ ಬಾವಿಗಳಿಗೆ ಎಣ್ಣೆ ಎಂಜಿನ್ನೂ ಪಂಪೂ ಕೂರಿಸಿ, ಕಪಿಲೆಗಿಂತ ಇದು ರೈತನಿಗೆ ಗಿಟ್ಟುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿದ. 1912ರಲ್ಲಿ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿ ಬಂದ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಕಸುಬು ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ ಮುಂದೆ ಪಂಪುಗಳನ್ನು ತಯಾರಿಸಿತು. 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳಿಗೆಂದೇ ಕಂಪನಿ ಹುಟ್ಟಿತು. ವಿದ್ಯುತ್ತಿನ ಕಥೆ ಮಾತ್ರ ಬೇರೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಜಿಲ್ಲೆಗೆ ಬಂದಿತ್ತು. ಆದರೆ ಅದು ಬಂದದ್ದು ಚಿನ್ನದ ಗಣಿಗೆ, ಬಾವಿಗಲ್ಲ. ಗಣಿಯಲ್ಲಿ ಯಂತ್ರಗಳು ವಿದ್ಯುತ್ತಿನಲ್ಲಿ ಓಡಲಾರಂಭಿಸಿ ದಶಕಗಳು ಕಳೆದರೂ ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಎತ್ತುಗಳು ಕಪಿಲೆ ಎಳೆಯುತ್ತಲೇ ಇದ್ದವು.

ಮುಳಬಾಗಿಲು ತಾಲ್ಲೂಕಿನ ನಮ್ಮ ತವರಿನ ಬಾವಿಗೆ ಡೀಸೆಲ್ ಎಂಜಿನ್ ಬಂದಾಗ ನಾನಿನ್ನೂ ಚಿಕ್ಕವಳು. ಎಂಜಿನ್ನೂ ಪಂಪೂ ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಎದುರುಬದುರು ಕೂತಿದ್ದವು. ಎರಡರ ಶಾಫ್ಟುಗಳನ್ನೂ ನಡುವೆ ಒಂದು ಕಪ್ಲಿಂಗ್ ಜೋಡಿಸಿತ್ತು. ಚಾಲೂ ಮಾಡಿ ಹೋಗುವುದು ಗಂಡಸರ ಕೆಲಸ. ಆದರೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ದಿನವಿಡೀ ಅದರ ಸದ್ದು ಕೇಳಿಸಿಕೊಳ್ಳುತ್ತಿದ್ದವರು ಹೆಂಗಸರು.

1974ರ ಬೇಸಿಗೆಯಲ್ಲಿ ಪಂಪಿನ ಬೇರಿಂಗ್ ಹೋಯಿತು. ರೇಷ್ಮೆ ಹುಳುಗಳು ಆಗ ಮೂರನೇ ಜ್ವರದಲ್ಲಿದ್ದವು. ಮೆಕ್ಯಾನಿಕ್ ಒಬ್ಬ ಬಂದು ಹೊಸ ಬೇರಿಂಗ್ ಹಾಕಿ, ಬೋಲ್ಟು ಬಿಗಿದು, ದುಡ್ಡು ತೆಗೆದುಕೊಂಡು ಹೋದ. ನೀರೇನೋ ಬಂತು. ಅಜ್ಜಿ ಮಾತ್ರ ಸೊಪ್ಪಿನ ಮಂಕರಿ ಕೆಳಗಿಟ್ಟು ಕಿವಿಗೊಟ್ಟಳು. "ಸದ್ದು ಕುಂಟ್ತಾ ಐತಲ್ಲೋ" ಎಂದಳು. "ಹೊಸದಲ್ವಾ, ಸರಿಹೋಗುತ್ತೆ ಬಿಡಮ್ಮ" ಎಂದರು ಅಪ್ಪ.

ಸರಿಹೋಗಲಿಲ್ಲ. ವಾರದೊಳಗೆ ಕಪ್ಲಿಂಗಿನ ರಬ್ಬರು ಪುಡಿಪುಡಿಯಾಯಿತು, ಪಂಪು ಮುಟ್ಟಿದರೆ ಸುಡುತ್ತಿತ್ತು. ಹೊಸ ಬೇರಿಂಗೂ ಹೋಯಿತು. ನಾಲ್ಕನೇ ಜ್ವರದಿಂದ ಎದ್ದ ಹುಳುಗಳ ಹಸಿವು ಎಂಥದೆಂದು ಸಾಕಿದವರಿಗೇ ಗೊತ್ತು. ತಟ್ಟೆಗೆ ಹಾಕಿದ ಸೊಪ್ಪು ಮಳೆ ಸುರಿದಂತೆ ಸದ್ದುಮಾಡುತ್ತಾ ಮಾಯವಾಗುತ್ತದೆ. ನೀರಿಲ್ಲದೆ ನಮ್ಮ ಸೊಪ್ಪು ಬಾಡಿತು. ಅಮ್ಮ ಕಿವಿಯ ಓಲೆ ಅಡವಿಟ್ಟು ಸೊಪ್ಪು ಕೊಂಡರು. ಆದರೂ ಅರ್ಧದಷ್ಟು ಹುಳುಗಳು ಗೂಡು ಕಟ್ಟಲಿಲ್ಲ.

ಆಗ ಅಪ್ಪ ಕರೆತಂದದ್ದು ಕೆ.ಜಿ.ಎಫ್. ಗಣಿಯ ವರ್ಕ್‌ಷಾಪಿನಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು. ಅವರು ಬೇರಿಂಗ್ ಕಡೆ ನೋಡಲೇ ಇಲ್ಲ. ಕಪ್ಲಿಂಗಿನ ಎರಡೂ ಬಿಲ್ಲೆಗಳ ಮೇಲೆ ಒಂದು ಉಕ್ಕಿನ ಪಟ್ಟಿ ಇಟ್ಟು ಕಣ್ಣು ಕಿರಿದುಮಾಡಿ ನೋಡಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹೀಗೆ ನಾಲ್ಕು ಕಡೆ. ಆಮೇಲೆ ಹಾಳೆಯಷ್ಟು ತೆಳುವಾದ ಉಕ್ಕಿನ ಎಲೆಗಳ ಗೊಂಚಲೊಂದನ್ನು ಬಿಚ್ಚಿ, ಬಿಲ್ಲೆಗಳ ನಡುವಿನ ಸಂದಿನಲ್ಲಿ ತೂರಿಸಿ ಅಳೆದರು. ಶಾಫ್ಟುಗಳು ಎರಡು ರೀತಿಯಲ್ಲಿ ತಪ್ಪಬಹುದಂತೆ: ಒಂದು ಇನ್ನೊಂದಕ್ಕಿಂತ ಎತ್ತರದಲ್ಲೋ ಪಕ್ಕದಲ್ಲೋ ಇರುವುದು ಒಂದು ಬಗೆ, ಒಂದಕ್ಕೊಂದು ಓರೆಯಾಗಿರುವುದು ಇನ್ನೊಂದು. ನಮ್ಮದರಲ್ಲಿ ಎರಡೂ ಇತ್ತು.

"ಅಮ್ಮಾ, ತಪ್ಪು ಬೇರಿಂಗಿಂದಲ್ಲ" ಎಂದು ಅವರು ಅಜ್ಜಿಗೆ ಹೇಳಿದ್ದು ಇಂದಿಗೂ ನೆನಪಿದೆ. "ನಿಮಿಷಕ್ಕೆ 1,500 ಸುತ್ತು ತಿರುಗೋ ಶಾಫ್ಟು. ಕೂದಲೆಳೆಯಷ್ಟು ಓರೆಯಿದ್ರೂ ಸುತ್ತಿಗೊಂದು ಏಟು ಅದಕ್ಕೆ. ಎಷ್ಟು ಹೊಸಾದು ಹಾಕಿದ್ರೂ ತಿಂದ್ಹಾಕುತ್ತೆ."

ಅವರು ಪೈಪು ಬಿಚ್ಚಿದ್ದೇ ತಡ, ಪಂಪು ತಾನಾಗಿ ಒಂದಿಷ್ಟು ಮೇಲೆದ್ದಿತು! ಬಾವಿಗಿಳಿದ ಕಬ್ಬಿಣದ ಪೈಪಿಗೆ ಆಸರೆಯೇ ಇರಲಿಲ್ಲ. ಅದರ ಭಾರವೆಲ್ಲ ಪಂಪಿನ ಕೊರಳಿಗೆ ಬಿದ್ದು ಅದನ್ನು ಎಳೆಯುತ್ತಿತ್ತು. ಮೇಸ್ತ್ರಿ ಪೈಪಿನಡಿ ಕಲ್ಲಿನ ಆಸರೆ ಕೊಟ್ಟರು. ತಗಡನ್ನು ಕತ್ತರಿಸಿ ಪಂಪಿನ ಪಾದದಡಿ ಒಂದೊಂದೇ ಚೂರು ಸೇರಿಸಿದರು. ಬೋಲ್ಟು ಬಿಗಿದರು, ಮತ್ತೆ ಅಳೆದರು. ಬಿಗಿಯುವಾಗ ಜರುಗಿದ್ದನ್ನು ಕಂಡು ಸಡಿಲಿಸಿದರು, ಮತ್ತೆ ಬಿಗಿದರು. ಹೊಸ ಬೇರಿಂಗ್ ಹಾಕಲು ಒಂದು ತಾಸು ಹಿಡಿದರೆ, ನೇರ ನೋಡಲು ಅರ್ಧ ದಿನ ಹಿಡಿಯಿತು. ಸಂಜೆ ಎಂಜಿನ್ ಹೊಡೆದಾಗ ಅಜ್ಜಿ ಏನೂ ಹೇಳದೆ ಸೊಪ್ಪಿನ ಮಂಕರಿ ಎತ್ತಿಕೊಂಡು ಹೊರಟಳು. ಅದೇ ಆಕೆಯ ಸರ್ಟಿಫಿಕೇಟು.

ಸಮುದ್ರದ ದೋಣಿಗೂ ಇದೇ ನ್ಯಾಯ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1959ರಲ್ಲಿ ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ, ಎಂಜಿನ್ ದೋಣಿಯ ಒಳಗೂ ನೀರು ತಳ್ಳುವ ಚಕ್ರದ ಭಾಗ ಹಿಂಬದಿಯ ಹೊರಗೂ ಇರುವಂಥ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಇಂಥ ದೋಣಿಗಳಲ್ಲಿ ಒಳಗು ಹೊರಗು ಸೇರುವ ಕಡೆಯ ಬೇರಿಂಗ್ ಬದಲಿಸಿದರೆ, ಹೊರಗಿನಿಂದ ಒಂದು ಉಕ್ಕಿನ ಸರಳನ್ನು ಆ ಬೇರಿಂಗಿನ ಮೂಲಕ ತೂರಿಸಿ ನೋಡಬೇಕು. ಸರಳು ಎರಡು ಬೆರಳಿನ ಒತ್ತಿಗೆ ಸರಾಗವಾಗಿ ಎಂಜಿನ್ನಿನ ಕಪ್ಲಿಂಗಿಗೆ ಸೇರಿಕೊಂಡರೆ ನೇರ. ಸಿಕ್ಕಿಕೊಂಡರೆ ಎಂಜಿನ್ನಿನ ಮುಂಭಾಗವನ್ನು ಏರಿಸಿಯೋ ಇಳಿಸಿಯೋ ಹೊಂದಿಸಬೇಕು. ನೀರಿನ ಮೇಲೆ ತೇಲುವ ಯಂತ್ರಕ್ಕೂ ನೀರು ಎತ್ತುವ ಯಂತ್ರಕ್ಕೂ ಮೇಸ್ತ್ರಿಯ ಪಾಠ ಒಂದೇ.

ನಮ್ಮ ಬಾವಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಲೆ ಕೂತ ಪಂಪು 25 ಅಡಿಗಿಂತ ಹೆಚ್ಚು ಆಳದ ನೀರನ್ನು ಹೀರಲು ಒದ್ದಾಡುತ್ತದೆ. ನೀರು ಇಳಿದಂತೆ ಬಾವಿಯ ಗೋಡೆಯಲ್ಲಿ ಕಟ್ಟೆ ಕೊರೆದು ಪಂಪನ್ನೂ ಇಳಿಸಿದೆವು, ಮತ್ತೂ ಇಳಿಸಿದೆವು. ಕೊನೆಗೆ ಬಾವಿಯೇ ಒಣಗಿ ಬೋರ್‌ವೆಲ್ ಬಂತು. ಇನ್ನೂರು ಅಡಿ ಹೋಗಿ ಐನೂರಾಯಿತು, ಸಾವಿರವೂ ದಾಟಿತು. ಆಳದ ನೀರಿನ ಜೊತೆ ಫ್ಲೋರೈಡೂ ಬಂದು ಮಕ್ಕಳ ಹಲ್ಲು ಕಂದಿತು. ಅಷ್ಟರಲ್ಲಿ ಹಿಂದಿನವರು ಕಟ್ಟಿದ್ದ ಸಾವಿರಾರು ಕೆರೆಗಳಲ್ಲಿ ಹೂಳು ತುಂಬಿತು. ತೂಬು ನೋಡುವ ನೀರಗಂಟಿಯ ಕಸುಬೂ ಹೋಯಿತು. ಬಾವಿಗೆ ನೀರು ಊಡುತ್ತಿದ್ದದ್ದು ಆ ಕೆರೆಗಳೇ. ಕಪಿಲೆ ಹೋಗಿ ಎಂಜಿನ್, ಎಂಜಿನ್ ಹೋಗಿ ಮೋಟಾರು, ಹೀಗೆ ನಾವು ಭಾಗಗಳನ್ನು ಬದಲಿಸುತ್ತಲೇ ಹೋದೆವು. ಕೆರೆಗೂ ಬಾವಿಗೂ ಇದ್ದ ನೇರವನ್ನು ಮಾತ್ರ ಯಾರೂ ಪಟ್ಟಿಯಿಟ್ಟು ನೋಡಲಿಲ್ಲ.

2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿದ ನೀರು, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಬತ್ತಿದ ಕೆರೆ ತುಂಬಿದ್ದು ಕಂಡು ಜನ ಸಂತೋಷಪಟ್ಟರು. ಮೂರನೇ ಹಂತದ ಶುದ್ಧಿಯೂ ಆಗಬೇಕೆಂದು ಹೋರಾಡಿದವರೂ ಇದ್ದಾರೆ. ಇಬ್ಬರದೂ ನ್ಯಾಯವೇ. ತುಂಬಿದ ಕೆರೆಯ ಏರಿಯ ಮೇಲೆ ನಿಂತಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ. ಈ ಹೊಸ ಬೇರಿಂಗಿನ ಸದ್ದನ್ನು ಕೇಳಿ ಆಕೆ ಮಂಕರಿ ಎತ್ತಿಕೊಂಡು ಹೊರಡುತ್ತಿದ್ದಳೋ, ಇನ್ನೊಂದು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದಳೋ!