ಅಂಗಳಕ್ಕೆ ಕಾಂಕ್ರೀಟೋ, ಹಾಸುಗಲ್ಲೋ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಸ್ವಂತ ಮನೆ ಕಟ್ಟಿಸುವ ವಯಸ್ಸಿಗೆ ಬಂದಿದ್ದಾರೆ. ಮನೆಯ ನಕ್ಷೆ, ಬಣ್ಣ, ಬಾಗಿಲು ಎಲ್ಲವೂ ತೀರ್ಮಾನವಾದ ಮೇಲೆ ಕೊನೆಗೆ ಉಳಿಯುವ ಪ್ರಶ್ನೆ ಅಂಗಳದ್ದು. "ಸರ್, ಗೇಟಿನಿಂದ ಪೋರ್ಟಿಕೋವರೆಗೆ ಕಾರು ಬರುವ ಜಾಗಕ್ಕೆ ಕಾಂಕ್ರೀಟು ಹಾಕಿಸೋಣವೋ, ಕಲ್ಲೋ ಪೇವರ್ಸೋ ಹಾಸಿಸೋಣವೋ?" ಎಂದು ಕೇಳುತ್ತಾರೆ. ಇಂಜಿನಿಯರರನ್ನು ಕೇಳಬೇಕಾದ ಪ್ರಶ್ನೆಯನ್ನು ಇತಿಹಾಸ ಕಲಿಸಿದ ಮಾಸ್ತರರನ್ನು ಕೇಳುವುದು ವಿಚಿತ್ರವೆನಿಸಬಹುದು. ಆದರೆ ಈ ಪ್ರಶ್ನೆಗೆ ನಮ್ಮ ಸೀಮೆಯ ಇತಿಹಾಸವೇ ಸಾಕಷ್ಟು ಉತ್ತರ ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಹೇಮಗುಡ್ಡದ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ಕಲ್ಲಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಗುಡ್ಡದ ಮೇಲಿನ ಕೋಟೆ ಕಲ್ಲು, ದುರ್ಗಾದೇವಿಯ ಗುಡಿ ಕಲ್ಲು, ಗುಡ್ಡವೇ ಕಲ್ಲು. ನಮ್ಮದೇ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಶಿಲಾಸಮಾಧಿಗಳಿವೆ. ಅಲ್ಲಿಯ ಜನ ಬಂಡೆಯಿಂದ ಚಪ್ಪಡಿಗಳನ್ನು ಎಬ್ಬಿಸಿ, ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಗಾರೆಯ ಹಂಗಿಲ್ಲದೆ ಮನೆಯಂಥ ರಚನೆಗಳನ್ನು ಕಟ್ಟಿದರು. 2021ರಲ್ಲಿ ಈ ತಾಣವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆನೆಗೊಂದಿ, ಹಂಪೆಗಳ ಕಡೆಗೆ ಪ್ರವಾಸ ಹೋದಾಗ ಬಂಡೆಗಳ ಮೇಲೆ ಸಾಲಾಗಿ ಕೊರೆದ ಸಣ್ಣ ಚೌಕ ಕುಳಿಗಳನ್ನು ನೀವು ಕಂಡಿರಬಹುದು. ಕಲ್ಲುಕುಟಿಗರು ಬೆಣೆ ಹೊಡೆದು ಬಂಡೆಯನ್ನು ನೇರವಾಗಿ ಸೀಳಿದ ಗುರುತುಗಳವು. ಕೆಲವು ಬಂಡೆಗಳಲ್ಲಿ ಕುಳಿಗಳಿವೆ, ಸೀಳು ಮಾತ್ರ ಇಲ್ಲ. ಕೆಲಸ ಅರ್ಧಕ್ಕೆ ನಿಂತುಹೋಗಿದೆ.

ಹಂಪೆಯ ರಾಜಾವರಣದ ಮೆಟ್ಟಿಲುಗಳ ಪುಷ್ಕರಣಿಯು 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂತು. ಅದರ ಕಪ್ಪು ಶಿಲೆಯ ಹಲಗೆಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕೆಂಬುದನ್ನು ಸೂಚಿಸುವ ಗುರುತುಗಳಿವೆ. ಬೇರೆಡೆ ಕಡೆದು, ಇಲ್ಲಿ ತಂದು ಜೋಡಿಸಿದ ಕೆಲಸವದು. ಹಾಸುಗಲ್ಲಿನ ತತ್ವವೂ ಇದೇ: ಬಿಡಿಬಿಡಿಯಾದ ತುಂಡುಗಳು, ಅವುಗಳ ನಡುವೆ ಸಂದು, ಬೇಕಾದಾಗ ಎಬ್ಬಿಸಬಹುದು, ಮತ್ತೆ ಕೂರಿಸಬಹುದು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಹಾಗೆಂದು ಸಾಮಾನ್ಯರ ಮನೆಯ ಅಂಗಳಗಳೆಲ್ಲ ಕಲ್ಲಿನವಾಗಿದ್ದವೆಂದು ಭಾವಿಸಬೇಡಿ. ಹೆಚ್ಚಿನವರ ಅಂಗಳ ಗರಸು ಬಡಿದು, ಸೆಗಣಿ ಸಾರಿಸಿದ ನೆಲವೇ ಆಗಿತ್ತು. ಉಳ್ಳವರು ಬಾಗಿಲ ಮುಂದೆ ನಾಲ್ಕು ಹಾಸುಗಲ್ಲು ಹಾಕಿಸುತ್ತಿದ್ದರು. ಕಟ್ಟಡವನ್ನು ಬೆಸೆಯಲು ಸುಣ್ಣದ ಗಾರೆ ಇತ್ತು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಪೂರ್ಣಗೊಂಡ ನಮ್ಮ ತುಂಗಭದ್ರಾ ಅಣೆಕಟ್ಟನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ, ಅಂದರೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುಣ್ಣದಿಂದ ಕಟ್ಟಿದರು. ಸಿಮೆಂಟು ದೇಶದಲ್ಲಿ ತಯಾರಾಗತೊಡಗಿ ದಶಕಗಳಾದ ಮೇಲೂ ಅಷ್ಟು ದೊಡ್ಡ ಕೆಲಸಕ್ಕೆ ಹಳೆಯ ಗಾರೆಯನ್ನೇ ನಂಬಿದರೆಂಬುದು ಗಮನಾರ್ಹ.

ಇನ್ನು ಸಿಮೆಂಟಿನ ಕಥೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗೌಂಡಿ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಭಾರತದಲ್ಲಿ ಅದರ ತಯಾರಿಕೆ ನೆಲೆಯೂರಿದ್ದು 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ. ನಾವು ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೆ 1920ರ ದಶಕದಲ್ಲಿ ಶಹಾಬಾದಿನ ಸಿಮೆಂಟು ಕಾರ್ಖಾನೆ ಬಂತು. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಮನೆಗಳ ನೆಲಕ್ಕೆ ಹಾಸುತ್ತಿದ್ದ ಶಹಾಬಾದಿ ಫರಸಿಯೂ ಅದೇ ನೆಲದ ಸುಣ್ಣಶಿಲೆ. ಆ ಶಿಲೆಯನ್ನು ಪದರಪದರವಾಗಿ ಎಬ್ಬಿಸಿದರೆ ಫರಸಿ. ಪುಡಿಮಾಡಿ, ಜೇಡಿಯಂಥ ಪದಾರ್ಥ ಕೂಡಿಸಿ ಕುಲುಮೆಯಲ್ಲಿ ಸುಟ್ಟರೆ ಸಿಮೆಂಟು. ಇಂದು ಎದುರಾಳಿಗಳಂತೆ ಕಾಣುವ ಇವೆರಡೂ ಒಂದೇ ತಾಯಿಯ ಮಕ್ಕಳು. ಆದ್ದರಿಂದ ಕಲ್ಲು ಹಳೆಯದು, ಆದಕಾರಣ ಒಳ್ಳೆಯದು ಎಂಬ ವಾದ ನನ್ನದಲ್ಲ. ಅಂಗಳಕ್ಕೆ ಯಾವ ಗುಣ ಬೇಕು ಎಂಬುದಷ್ಟೇ ಪ್ರಶ್ನೆ.

ನಮ್ಮ ಹಳ್ಳಿಗಳ ಓಣಿಗಳಿಗೆ ಕಾಂಕ್ರೀಟು ದೊಡ್ಡ ಪ್ರಮಾಣದಲ್ಲಿ ಬಂದದ್ದು ಇತ್ತೀಚೆಗೆ. 2006-07ರಲ್ಲಿ ಆರಂಭವಾದ ಸುವರ್ಣ ಗ್ರಾಮೋದಯದಂಥ ಯೋಜನೆಗಳಿಂದ ಸಿಸಿ ರಸ್ತೆ ಎಂಬ ಮಾತು ಮನೆಮಾತಾಯಿತು. ಕೆಸರು ಹೋಯಿತು, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಒಣ ಕಾಲಿನಲ್ಲಿ ಬರುವಂತಾಯಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸ ಪದರ ಹಾಕಿದ ಓಣಿಗಳಲ್ಲಿ ಏನಾಯಿತೆಂಬುದನ್ನು ನೀವೇ ನೋಡಿದ್ದೀರಿ. ರಸ್ತೆ ಏರಿತು, ಹೊಸ್ತಿಲು ಇಳಿಯಿತು. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ದೊಡ್ಡ ಮಳೆ ಬಂದ ರಾತ್ರಿ ಅಂಥ ಮನೆಯವರು ಜೋಳದ ಚೀಲಗಳನ್ನು ಮಂಚದ ಮೇಲೆ ಏರಿಸಿಕೊಂಡು ಕೂರುತ್ತಾರೆ. 2019ರ ಬಳಿಕ ಮನೆಮನೆಗೆ ನಳದ ನೀರು ಕೊಡುವ ಯೋಜನೆ ಬಂದಾಗ ಕೊಳವೆ ಹೂಳಲು ಅನೇಕ ಕಡೆ ಇದೇ ಕಾಂಕ್ರೀಟನ್ನು ಕತ್ತರಿಸಬೇಕಾಯಿತು. ತೇಪೆ ಹಾಕಿದರೂ ಕಾಂಕ್ರೀಟು ಮೊದಲಿನಂತೆ ಒಂದಾಗುವುದಿಲ್ಲ. ಓಣಿಯಲ್ಲಿ ಆದದ್ದೇ ಅಂಗಳದಲ್ಲಿಯೂ ಆಗುತ್ತದೆ.

ಇದೇ ಕಷ್ಟವನ್ನು ಬೇರೊಂದು ದೇಶ ಹೇಗೆ ಎದುರಿಸಿತೆಂದು ನೋಡಿ. ನೆದರ್‌ಲೆಂಡಿನ ನೆಲ ಮೆತ್ತಗಿನದು, ಕುಸಿಯುತ್ತಲೇ ಇರುತ್ತದೆ. ಆದ್ದರಿಂದ ಅವರು ಬೀದಿಗಳಿಗೆ ಉಸುಕಿನ ಮೇಲೆ ಸುಟ್ಟ ಇಟ್ಟಿಗೆ ಜೋಡಿಸುತ್ತಿದ್ದರು. ನೆಲ ಕುಸಿದರೆ ಇಟ್ಟಿಗೆ ತೆಗೆದು, ಉಸುಕು ತುಂಬಿ, ಅದೇ ಇಟ್ಟಿಗೆಯನ್ನು ಮತ್ತೆ ಜೋಡಿಸುವುದು. ಎರಡನೆಯ ಮಹಾಯುದ್ಧದಲ್ಲಿ ರೋಟರ್‌ಡಾಮ್ ನಗರ ಬಾಂಬಿಗೆ ತುತ್ತಾಯಿತು. ಮನೆ ಕಟ್ಟಲು ಇಟ್ಟಿಗೆ ಸಾಲದಾದಾಗ, 1951ರ ಸುಮಾರಿಗೆ ಬೀದಿಗಳಿಗೆ ಕಾಂಕ್ರೀಟಿನಲ್ಲೇ ಇಟ್ಟಿಗೆಯಂಥ ತುಂಡುಗಳನ್ನು ಎರಕ ಹೊಯ್ದು ಹಾಸಿದರು. ನಮ್ಮ ಊರುಗಳಲ್ಲಿ ಇಂದು ಪೇವರ್ಸ್ ಎಂದು ಕರೆಯುವುದು ಅದನ್ನೇ. ವಸ್ತು ಕಾಂಕ್ರೀಟಿನದು, ಸ್ವಭಾವ ಹಾಸುಗಲ್ಲಿನದು. ಭಾರತೀಯ ಮಾನಕ ಸಂಸ್ಥೆಯು 2006ರಲ್ಲಿ ಇದಕ್ಕೆ ಮಾನಕ ರೂಪಿಸಿ, ನಡೆದಾಡುವ ಜಾಗಕ್ಕೆ 50 ಮಿ.ಮೀ., ಕಾರು ಓಡಾಡುವಂಥ ಹಗುರ ಸಂಚಾರಕ್ಕೆ 60 ಮಿ.ಮೀ., ಮಧ್ಯಮ ಸಂಚಾರಕ್ಕೆ 80 ಮಿ.ಮೀ. ದಪ್ಪವನ್ನು ಸೂಚಿಸಿತು.

ಡಚ್ಚರ ಕುಸಿಯುವ ನೆಲದ ಹಾಗೆ ನಮ್ಮಲ್ಲಿಯೂ ಒಂದು ಚಂಚಲ ನೆಲವಿದೆ: ಎರೆಮಣ್ಣು. ಕುಷ್ಟಗಿ, ಯಲಬುರ್ಗಾಗಳ ಎರೆಹೊಲಗಳಲ್ಲಿ ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುವುದನ್ನು, ಮಳೆಗೆ ಅದೇ ನೆಲ ಉಬ್ಬಿ ಕೂಡಿಕೊಳ್ಳುವುದನ್ನು ಕಂಡವರು ಒಂದು ಸರಳ ಪ್ರಶ್ನೆ ಕೇಳಿಕೊಳ್ಳಬೇಕು. ಕೆಳಗಿನ ನೆಲ ಏರಿಳಿಯುತ್ತಿದ್ದರೆ ಮೇಲಿನ ಅಖಂಡ ಕಾಂಕ್ರೀಟು ಏನು ಮಾಡೀತು? ಒಡೆಯುತ್ತದೆ. ಮಸಾರಿ ನೆಲದಲ್ಲಿ, ಬಂಡೆಯ ಮೇಲಿನ ಗಟ್ಟಿ ಗರಸಿನಲ್ಲಿ ಈ ಭಯ ಕಡಿಮೆ.

ಆದುದರಿಂದ ನನ್ನ ಸಲಹೆ ಇಷ್ಟು. ನೆಲ ಗಟ್ಟಿಯಾಗಿದ್ದು, ಟ್ರ್ಯಾಕ್ಟರು, ಲಾರಿಗಳ ಓಡಾಟವಿದ್ದು, ಕೆಳಗೆ ಕೊಳವೆಗಳಿಲ್ಲದಿದ್ದರೆ ಕಾಂಕ್ರೀಟು ತಕ್ಕದ್ದು. ಆಗ ಸುಮಾರು ಹತ್ತು ಅಡಿಗೊಂದು ಸಂದು ಬಿಡಿಸಿ. ಬಿಸಿಲೇರುವ ಮೊದಲೇ ಕೆಲಸ ಮುಗಿಸಿ. ಕನಿಷ್ಠ ಏಳು ದಿನ, ನಮ್ಮ ಬೇಸಿಗೆಯಲ್ಲಾದರೆ ಹತ್ತು ದಿನ, ನೀರು ನಿಲ್ಲಿಸಿ. ಎರೆಮಣ್ಣಾದರೆ, ಅಥವಾ ಮುಂದೆ ನಳ, ಚರಂಡಿ, ತಂತಿಗಳಿಗಾಗಿ ಅಗೆಯುವ ಸಂಭವವಿದ್ದರೆ, ಹಾಸುಗಲ್ಲು ಇಲ್ಲವೆ ಪೇವರ್ಸ್ ಲೇಸು. ಒಂದೂವರೆ ಅಡಿ ಎರೆ ತೆಗೆದು, ಗರಸು ತುಂಬಿ, ನೀರು ಹೊಡೆದು ಪದರಪದರವಾಗಿ ದಮ್ಮಸು ಮಾಡಿಸಿರಿ. ಮೇಲೆ ಒಂದಿಂಚು ಉಸುಕು, ಅದರ ಮೇಲೆ ಪೇವರ್ಸ್; ಅಂಚಿಗೆ ಗಟ್ಟಿ ಕಲ್ಲು ಕಟ್ಟದಿದ್ದರೆ ಸಾಲುಗಳು ಸರಿಯುತ್ತವೆ. ಕೆಲವರು ಭದ್ರವಾಗಲೆಂದು ಪೇವರ್ಸಿನ ಅಡಿಗೆ, ಸಂದಿಗೆ ಸಿಮೆಂಟು ತುಂಬಿಸುತ್ತಾರೆ. ಆಗ ಎಬ್ಬಿಸುವ ಸೌಕರ್ಯವೂ ಹೋಯಿತು, ನೀರು ಇಂಗುವ ದಾರಿಯೂ ಹೋಯಿತು. ಇಳಕಲ್ಲಿನ ಕೆಂಪು ಗ್ರಾನೈಟು ಹಾಕಿಸುವವರು ಪಾಲಿಶ್ ಮಾಡದ ಒರಟು ಮೈಯನ್ನೇ ಆರಿಸಿಕೊಳ್ಳಿ. ಮಳೆಯಲ್ಲಿ ಹಿರಿಯರು ಜಾರಿ ಬಿದ್ದಾರು. ತೆಳು ಫರಸಿ ಕಾರಿನ ಗಾಲಿಗೆ ತಾಳದು.

ನೀರಿನ ಮಾತು ಬಂದುದರಿಂದ ಒಂದು ಸಣ್ಣ ಲೆಕ್ಕ. ಹತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಂಗಳವೆಂದರೆ ಸುಮಾರು 28 ಚದರ ಮೀಟರು. ವರ್ಷಕ್ಕೆ 600 ಮಿ.ಮೀ. ಮಳೆಯೆಂದು ಹಿಡಿದರೆ ಅದರ ಮೇಲೆ ಬೀಳುವ ನೀರು 16,000 ಲೀಟರಿಗೂ ಮಿಕ್ಕುತ್ತದೆ. ಕಾಂಕ್ರೀಟಾದರೆ ಹೆಚ್ಚುಕಡಿಮೆ ಅಷ್ಟೂ ಹೊರಗೆ ಹರಿಯುತ್ತದೆ. ಉಸುಕಿನ ಸಂದುಗಳಿದ್ದರೆ ಒಂದು ಪಾಲು ಇಂಗುತ್ತದೆ. ಎರಡರಲ್ಲಿಯೂ ಇಳಿಜಾರು ನಿಮ್ಮ ಗೋಡೆಯ ಕಡೆಗೂ ಇರಬಾರದು, ನೆರೆಯವರ ಹೊಸ್ತಿಲ ಕಡೆಗೂ ಇರಬಾರದು. ಅಂಚಿನಲ್ಲೊಂದು ಇಂಗುಗುಂಡಿ ಇದ್ದರೆ ಬೋರ್‌ವೆಲ್ಲಿಗೂ ಹಿತ, ಓಣಿಗೂ ಹಿತ.

ಮನೆಯ ಹೆಣ್ಣುಮಕ್ಕಳನ್ನೂ ಒಂದು ಮಾತು ಕೇಳಿ. ಪೇವರ್ಸಿನ ಸಂದುಗಳ ಮೇಲೆ ರಂಗೋಲಿಯ ಎಳೆ ಕಡಿಯುತ್ತದೆ. ಬಾಗಿಲ ಮುಂದೆ ಎರಡು ಅಗಲ ಹಾಸುಗಲ್ಲು ಬಿಟ್ಟರೆ ಆ ತೊಂದರೆಯೂ ನೀಗುತ್ತದೆ.

ಮನೆ ನಮ್ಮ ಕಾಲಕ್ಕೆ ಮುಗಿಯುವುದಿಲ್ಲ. ನಾಳೆ ಮಕ್ಕಳು ಅದನ್ನು ಬದಲಿಸುತ್ತಾರೆ, ಹೊಸ ಕೊಳವೆ, ಹೊಸ ತಂತಿ ಎಳೆಯುತ್ತಾರೆ. ಅವರು ಒಡೆಯದೆ ತೆರೆಯಬಹುದಾದ ನೆಲವನ್ನು ಬಿಟ್ಟುಹೋಗುವುದು ಹಿರಿಯರಿಗೆ ಭೂಷಣ. ಮನೆ ಕಟ್ಟಿಸುತ್ತಿರುವ ಎಲ್ಲರಿಗೂ ಒಳ್ಳೆಯದಾಗಲಿ.