ಶಾಯಿಯ ಹನಿಯಿಂದ ರಕ್ತಕಣದವರೆಗೆ

ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ರಕ್ತಕಣಗಳಿವೆ ಎಂದು ಪಾಠದಲ್ಲಿ ಓದುತ್ತೇವೆ. ಇದನ್ನು ಎಣಿಸಿದವರು ಯಾರು ಸಾರ್ ಎಂದು ಯಾರಾದರೂ ಕೇಳಬೇಕು. (ಪರೀಕ್ಷೆಗೆ ಬರುವುದಿಲ್ಲವಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ!)

20ನೇ ಶತಮಾನದ ಮಧ್ಯದವರೆಗೆ ಮನುಷ್ಯರೇ ಎಣಿಸುತ್ತಿದ್ದರು. ಚೌಕಳಿ ಗೆರೆಗಳಿರುವ ಗಾಜಿನ ಮೇಲೆ ತೆಳು ಮಾಡಿದ ರಕ್ತ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಚೌಕ ನೋಡುವ ಕೆಲಸ. ಕಣ್ಣು ದಣಿದರೆ ಲೆಕ್ಕ ತಪ್ಪುತ್ತಿತ್ತು, ರೋಗಿಯ ಚಿಕಿತ್ಸೆ ಆ ಲೆಕ್ಕದ ಮೇಲೆಯೇ ನಿಂತಿತ್ತು.

ಅಮೆರಿಕದ ವ್ಯಾಲೇಸ್ ಕೌಲ್ಟರ್ ಕಂಡುಕೊಂಡ ಉಪಾಯ ತೀರಾ ಸರಳ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ರಕ್ತಕಣದ ಮೂಲಕ ಅಷ್ಟಾಗಿ ಹರಿಯುವುದಿಲ್ಲ. ಉಪ್ಪುನೀರಿನಲ್ಲಿ ಬೆರೆಸಿದ ರಕ್ತವನ್ನು ಒಂದು ಸಣ್ಣ ತೂತಿನಲ್ಲಿ ಹಾಯಿಸಿದರೆ, ಪ್ರತಿ ಕಣ ದಾಟುವಾಗಲೂ ವಿದ್ಯುತ್ತು ಕ್ಷಣಕಾಲ ತಡೆಯಲ್ಪಡುತ್ತದೆ. ಕಣ ದೊಡ್ಡದಾದಷ್ಟೂ ತಡೆ ಹೆಚ್ಚು. ಎಣಿಕೆಯೂ ಆಯಿತು, ಅಳತೆಯೂ ಆಯಿತು! 1953ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು.

ಆದರೆ ಎಣಿಸಿದ್ದನ್ನು ಬೇರೆ ಬೇರೆ ಮಾಡುವುದು ಹೇಗೆ? ಲಾಸ್ ಅಲಮೋಸ್‌ನಲ್ಲಿದ್ದ ಮ್ಯಾಕ್ ಫುಲ್ವೈಲರ್‌ಗೆ ಇದೇ ಚಿಂತೆ. (ಹೌದು, ಅಣುಬಾಂಬು ತಯಾರಾದ ಅದೇ ಊರು.) ಉತ್ತರ ಸಿಕ್ಕಿದ್ದು ಜೀವಶಾಸ್ತ್ರದಲ್ಲಿ ಅಲ್ಲ, ಶಾಯಿಯಲ್ಲಿ. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಎಂಬ ಎಂಜಿನಿಯರ್ ವಿದ್ಯುತ್ ಸಂಕೇತಗಳನ್ನು ಕಾಗದದ ಮೇಲೆ ವೇಗವಾಗಿ ಬರೆಯುವ ಯಂತ್ರ ಮಾಡಿದ್ದರು. ಶಾಯಿಯ ಧಾರೆಯನ್ನು ಕಂಪಿಸಿದರೆ ಅದು ಒಂದೇ ಗಾತ್ರದ ಹನಿಗಳಾಗಿ ಒಡೆಯುತ್ತದೆ. ಹನಿಗೆ ವಿದ್ಯುದಾವೇಶ ಕೊಟ್ಟು ಎರಡು ಲೋಹದ ಫಲಕಗಳ ನಡುವೆ ಬಿಟ್ಟರೆ ಬೇಕಾದ ಕಡೆಗೆ ಬಾಗುತ್ತದೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ನಲ್ಲಿಯ ಸಣ್ಣ ಧಾರೆಯ ಹತ್ತಿರ ಹಿಡಿದು ನೋಡಿ, ನೀರು ಬಾಗುವುದು ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಮಾತ್ರ ಈ ಪ್ರಯೋಗ ಕೈಕೊಡುತ್ತದೆ.

ಫುಲ್ವೈಲರ್ ಎರಡನ್ನೂ ಜೋಡಿಸಿದರು. ಮೊದಲು ಕೌಲ್ಟರ್‌ನ ತೂತು, ಅದರ ಕೆಳಗೆ ಸ್ವೀಟ್‌ನ ಧಾರೆ. ತೂತಿನಲ್ಲಿ ಅಳತೆಯಾದ ಕಣ ಇಷ್ಟು ಹೊತ್ತಿನ ಮೇಲೆ ಹನಿಯೊಳಗೆ ಸೇರುತ್ತದೆ ಎಂಬುದು ನಿಶ್ಚಿತ. ಸರಿಯಾಗಿ ಆ ಕ್ಷಣಕ್ಕೆ ಹನಿಗೆ ಆವೇಶ ಕೊಟ್ಟರಾಯಿತು, ಹನಿ ತನ್ನ ಪಾತ್ರೆಗೇ ಹೋಗಿ ಬೀಳುತ್ತದೆ. 1965ರಲ್ಲಿ ಇಲಿಯ ಮತ್ತು ಮನುಷ್ಯನ ಕೆಂಪು ರಕ್ತಕಣಗಳ ಮಿಶ್ರಣವನ್ನು ಅವರು ಬೇರ್ಪಡಿಸಿ ತೋರಿಸಿದರು.

ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲೇ ಲಿಯೊನಾರ್ಡ್ ಹರ್ಜನ್‌ಬರ್ಗ್ ಅವರ ತಂಡ ಗಾತ್ರದ ಬದಲು ಬಣ್ಣದ ಹೊಳಪನ್ನು ನೋಡಿ ಆರಿಸುವ ಯಂತ್ರ ಕಟ್ಟಿತು. ಆ ಬಗ್ಗೆ 1972ರಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಶಾಯಿಯ ಸ್ವೀಟ್ ಕೂಡ ಒಬ್ಬರು! ಎಚ್.ಐ.ವಿ. ಸೋಂಕಿತರ ಸಿಡಿ4 ಕಣಗಳನ್ನು ಎಣಿಸುವ ಯಂತ್ರಗಳು ಇದೇ ವಂಶದವು. ಭೌತಶಾಸ್ತ್ರ ಒಂದು ಪಿರಿಯಡ್, ಜೀವಶಾಸ್ತ್ರ ಇನ್ನೊಂದು ಪಿರಿಯಡ್ ಎಂದು ಗೆರೆ ಹಾಕಿಕೊಂಡು ಕೂತಿದ್ದರೆ ಇವು ಹುಟ್ಟುತ್ತಿದ್ದವೇ?

ಇದುವರೆಗೆ ಹನಿ ಬೀಳುತ್ತಿದ್ದುದು ಗಾಳಿಯಲ್ಲಿ. ಮುಂದೆ ಅದು ಕೂದಲೆಳೆಯಷ್ಟು ಸಣ್ಣ ಕಾಲುವೆಯೊಳಗೆ ಸೇರಿತು. ಮಳೆಗಾಲದಲ್ಲಿ ತೋಡಿನ ಕೆಂಪು ನೀರು ಹೊಳೆಗೆ ಸೇರಿದರೆ ಸುಳಿ ಎದ್ದು ಕಲಸಿಹೋಗುತ್ತದೆ. ಅಷ್ಟು ಸಣ್ಣ ಕಾಲುವೆಯಲ್ಲಿ ಸುಳಿ ಏಳುವುದೇ ಇಲ್ಲ, ಎರಡು ಧಾರೆಗಳು ಪಕ್ಕಪಕ್ಕದಲ್ಲಿ ಶಿಸ್ತಾಗಿ ಹರಿಯುತ್ತವೆ. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 1998ರಲ್ಲಿ ಇಂಥ ಕಾಲುವೆಗಳನ್ನು ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ಹಾಕುವ ಸುಲಭ ದಾರಿ ತೋರಿಸಿತು. 2001ರಲ್ಲಿ ಕ್ಯಾಲ್‌ಟೆಕ್‌ನ ಸ್ಟೀಫನ್ ಕ್ವೇಕ್ ಮತ್ತು ಜೊತೆಗಾರರು ಎಣ್ಣೆಯ ಕಾಲುವೆಗೆ ಅಡ್ಡದಿಂದ ನೀರು ಬಿಟ್ಟರು. ಎಣ್ಣೆ ನೀರನ್ನು ಕತ್ತರಿಸಿದಂತೆ ಒಂದೇ ಅಳತೆಯ ಹನಿಗಳು ಸಾಲಾಗಿ ಬಂದವು. ಹನಿಯಲ್ಲಿ ಬೆಳಕಿಗೆ ಗಟ್ಟಿಯಾಗುವ ದ್ರವವಿದ್ದರೆ ಒಂದೇ ಗಾತ್ರದ ಮಣಿಗಳೂ ಸಿದ್ಧ.

2015ರಲ್ಲಿ ಹಾರ್ವರ್ಡ್‌ನ ಒಂದು ತಂಡ ಹನಿಗೊಂದು ಜೀವಕೋಶ, ಅದರ ಜೊತೆಗೆ ಗುರುತಿನ ಸಂಕೇತ ಹೊತ್ತ ಒಂದು ಮಣಿ ಸೇರುವಂತೆ ಮಾಡಿತು. ಯಾವ ಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಕೋಶಕೋಶಕ್ಕೂ ಬೇರೆಯಾಗಿ ಓದಲು ಇದರಿಂದ ಸಾಧ್ಯವಾಯಿತು. ಇಲಿಯ ಕಣ್ಣಿನ ಅಕ್ಷಿಪಟಲದ 44,808 ಕೋಶಗಳನ್ನು ಹೀಗೆ ನೋಡಿದಾಗ ಅವು 39 ಗುಂಪುಗಳಾಗಿ ಬೇರ್ಪಟ್ಟವು.