ನಕ್ಷತ್ರಾಂತರ ಯಾನ
ಸೂರ್ಯಮಂಡಲವನ್ನು ದಾಟಿ ಮನುಷ್ಯನು ಅನ್ಯ ನಕ್ಷತ್ರವನ್ನು ಸೇರಬಹುದಾದ ಭಾವೀ ಪ್ರಯಾಣ. ಅತಿ ಸಮೀಪದ ಪ್ರಾಕ್ಸಿಮಾ ಸೆಂಟಾರಿಯೇ 4.24 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ, ಸೆಕೆಂಡಿಗೆ ಸುಮಾರು 17 ಕಿ.ಮೀ. ಸಾಗುವ ವಾಯೇಜರ್-1ರ ಗತಿಯಲ್ಲಿ ಅಲ್ಲಿಗೆ 70,000 ವರ್ಷಗಳಿಗೂ ಅಧಿಕ ಕಾಲ ಬೇಕು. ಇಂತಹ ಯಾನಕ್ಕೆ ಬೇಕಾದ ಮಹಾನೌಕೆಯನ್ನು ಅಂತರಿಕ್ಷದಲ್ಲಿಯೇ ಜೋಡಿಸಬೇಕಾಗಬಹುದಾದ್ದರಿಂದ, ಅದರ ಭಾಗಗಳನ್ನು ಹೊತ್ತು ಪುನಃಪುನಃ ಏರಿಳಿಯಬಲ್ಲ ವಾಹನವು ಆ ಯಾನದ ಪ್ರಥಮ ಸೋಪಾನವೆನ್ನಲು ಅಡ್ಡಿಯಿಲ್ಲ. ನಾಯಕನಹಟ್ಟಿಯ ಸೀಮೆಯಲ್ಲಿ, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ನೆಲೆಯೊಳಗೆ, ಇಸ್ರೊ ಅಂತಹ ವಾಹನವನ್ನು 2023ರ ಏಪ್ರಿಲ್ 2, 2024ರ ಮಾರ್ಚ್ 22 ಹಾಗೂ ಜೂನ್ 23ರಂದು ಸ್ವಯಂಚಾಲಿತವಾಗಿ ಇಳಿಸಿತು. ಚಿನೂಕ್ ಹೆಲಿಕಾಪ್ಟರು 4.5 ಕಿ.ಮೀ. ಎತ್ತರದಲ್ಲಿ ಕಳಚಿಬಿಟ್ಟ ‘ಪುಷ್ಪಕ’ವೆಂಬ ಈ ವಾಹನವು ಮೂರನೆಯ ಸಲ ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ಓಡುದಾರಿಯನ್ನು ಮುಟ್ಟಿ, ಬಾಲದಲ್ಲಿ ಬಿಚ್ಚಿದ ಪ್ಯಾರಾಚೂಟಿನಿಂದ ವೇಗವನ್ನು 100ರ ಆಸುಪಾಸಿಗೆ ತಗ್ಗಿಸಿ, ಚಕ್ರಗಳ ಬ್ರೇಕಿನಿಂದ ನಿಂತಿತು. ಇವು ಕಕ್ಷೆಯಿಂದಿಳಿದ ಪರೀಕ್ಷೆಗಳಲ್ಲ. ಆದರೂ ಅವುಗಳ ಮಹತ್ತ್ವವು ಅಲ್ಪವಲ್ಲ.